ಮೀನಿನ ಪಾಲು, ಉಪವಾಸದ ಪಾಲು

ಬಿಳಿಚೋಡಿನಂಥ ಊರನ್ನು ಮುಂದಿಟ್ಟುಕೊಂಡು ಮೀನುಗಾರರ ಬಗ್ಗೆ ಬರೆಯುವುದು ಕೆಲವರಿಗೆ ತಮಾಷೆಯಾಗಿ ಕಾಣಬಹುದು. ಜಗಳೂರು ತಾಲೂಕೆಂದರೆ ಬರದ ಸೀಮೆ. ಮೆಕ್ಕೆಜೋಳ, ಈರುಳ್ಳಿ ಬಿತ್ತಿ ಮುಗಿಲು ನೋಡುವ ಜನ. ಸಮುದ್ರವೋ ಘಟ್ಟದ ಆಚೆ. ಆದರೆ ಈಗ ಮೀನಿನ ಪ್ರಶ್ನೆ ಈ ಸೀಮೆಯ ಬಾಗಿಲಿಗೂ ಬಂದಿದೆ. ತುಂಗಭದ್ರೆಯ ನೀರನ್ನು ಎತ್ತಿ 57 ಕೆರೆಗಳನ್ನು ತುಂಬಿಸುವ ಯೋಜನೆಯಿಂದ ತಾಲೂಕಿನ ಹಲವು ಒಣಗಿದ ಕೆರೆಗಳು ಮತ್ತೆ ನೀರು ಕಂಡಿವೆ. ನೀರು ಬಂದ ಕಡೆ ಮೀನು ಬರುತ್ತದೆ. ಮೀನು ಬಂದ ಕಡೆ ಗುತ್ತಿಗೆಯ ಮಾತು ಬರುತ್ತದೆ. ಕೆರೆಯ ಮೀನು ಯಾರಿಗೆ ಸೇರಬೇಕು? ಬಲೆ ಬೀಸುವ ಊರಿನವರ ಸಂಘಕ್ಕೋ, ಹೆಚ್ಚು ಹಣ ಕೂಗಿದ ಹೊರಗಿನವನಿಗೋ?

'ಹೆಚ್ಚು ಕೂಗಿದವನಿಗೇ ಕೊಡಲಿ' ಎನ್ನುವವರ ಮಾತಿನಲ್ಲೂ ನ್ಯಾಯವಿದೆ. ಪಂಚಾಯಿತಿಗೆ ನಾಲ್ಕು ಕಾಸು ಹೆಚ್ಚು ಬರುತ್ತದೆ. ಬಂಡವಾಳ ಇದ್ದವನು ಹೆಚ್ಚು ಮರಿ ಬಿಟ್ಟಾನು, ಮೀನು ಅಗ್ಗವಾದೀತು, ಬಡವನ ತಟ್ಟೆಗೂ ಬಂದೀತು. ಮೀನುಗಾರ ಬಡವನೆಂಬ ಒಂದೇ ಕಾರಣಕ್ಕೆ ಮೀನು ತಿನ್ನುವ ಬಡವ ಹೆಚ್ಚು ಬೆಲೆ ಏಕೆ ಕೊಡಬೇಕು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಬೆಲೆಯೊಂದೇ ಧರ್ಮವಲ್ಲ ಎಂಬುದು ಈರುಳ್ಳಿ ಬೆಳೆದವರಿಗೆ ಗೊತ್ತು. 2023ರ ಡಿಸೆಂಬರಿನಲ್ಲಿ ದೆಹಲಿಯಿಂದ ರಫ್ತು ನಿಷೇಧದ ಆದೇಶ ಹೊರಟಿತು. ಪೇಟೆಯವರಿಗೆ ಈರುಳ್ಳಿ ಅಗ್ಗವಾಗಲೆಂದು ಹೊರಟ ಆದೇಶದ ಭಾರ ಬಿದ್ದದ್ದು ಬೆಳೆದವನ ಮೇಲೆ.

ನಮ್ಮ ಕರಾವಳಿಯ ಕಥೆಯನ್ನೇ ನೋಡೋಣ. ಅಲ್ಲಿ ರಂಪಣಿ ಎಂಬ ದೊಡ್ಡ ಬಲೆಯಿತ್ತು. ಮೀನಿನ ಹಿಂಡು ದಡದ ಹತ್ತಿರ ಬಂದಾಗ ದೋಣಿಯಲ್ಲಿ ಹೋಗಿ ಅರ್ಧಚಂದ್ರಾಕಾರವಾಗಿ ಬಲೆ ಬಿಡುತ್ತಿದ್ದರು. ಹತ್ತಾರು ಜನ ದಡದಲ್ಲಿ ನಿಂತು ಎರಡು ತುದಿಗಳನ್ನೂ ಎಳೆಯುತ್ತಿದ್ದರು. ಬಂಗುಡೆ, ಭೂತಾಯಿ ಬಂದರೆ ಎಳೆದವರಿಗೆಲ್ಲ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸಿನ್ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವ ಮೊದಲೇ ಅವು ಆಳದಲ್ಲಿ ಸುತ್ತುಗಟ್ಟಿ ಹಿಡಿದವು. ಕೆಲವೇ ವರ್ಷಗಳಲ್ಲಿ ರಂಪಣಿ ಬಹುಮಟ್ಟಿಗೆ ಕಣ್ಮರೆಯಾಯಿತು. ಒಟ್ಟು ಹಿಡಿದ ಮೀನು ಹೆಚ್ಚಿತು, ಪಾಲು ಪಡೆಯುವ ಕೈಗಳು ಕಡಿಮೆಯಾದವು. ಇದನ್ನು ಮಾಡಿದವರು ಪರದೇಶಿಯರಲ್ಲ, ನಮ್ಮವರೇ.

ಪರದೇಶಿಯರೂ ಬಂದರು. 1991ರಲ್ಲಿ ಕೇಂದ್ರ ಸರ್ಕಾರ ಜಂಟಿ ಉದ್ಯಮದ ಹೆಸರಿನಲ್ಲಿ ವಿದೇಶಿ ಹಡಗುಗಳಿಗೆ ನಮ್ಮ ಆಳಸಮುದ್ರವನ್ನು ತೆರೆಯಿತು. ಮೀನುಗಾರರು ದೇಶದಾದ್ಯಂತ ಮುಷ್ಕರ ಹೂಡಿದರು. ಅವರ ಮುಂದಾಳಾಗಿದ್ದ ಕ್ಯಾಥೋಲಿಕ್ ಗುರು ಥಾಮಸ್ ಕೋಚೇರಿಯವರು 1995ರಲ್ಲಿ ಉಪವಾಸ ಕುಳಿತರು. ಸರ್ಕಾರ ನೇಮಿಸಿದ ಮುರಾರಿ ಸಮಿತಿ 1996ರಲ್ಲಿ ಆ ಪರವಾನಗಿಗಳನ್ನು ರದ್ದುಮಾಡಬೇಕೆಂದು ಹೇಳಿತು. ಅದು ದೊಡ್ಡ ಗೆಲುವು. ಆದರೆ ಹೊರಗಿನವರನ್ನು ತಡೆದ ಮಾತ್ರಕ್ಕೆ ಸಮುದ್ರ ಉಳಿಯಲಿಲ್ಲ. ರಾತ್ರಿ ಪ್ರಖರ ದೀಪ ಹೊತ್ತಿಸಿ, ಬೆಳಕಿಗೆ ಬಂದ ಮೀನನ್ನು ಮರಿಸಹಿತ ಬಾಚುವ ಪದ್ಧತಿ ನಮ್ಮಲ್ಲೇ ಬೆಳೆಯಿತು. 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಬೇಕಾಯಿತು.

ಇದರಿಂದ ನಮಗೊಂದು ಪಾಠವಿದೆ. 'ದೊಡ್ಡವನೇ, ನನ್ನ ಪಾಲನ್ನೂ ನೀನು ಬಾಚಬೇಡ' ಎಂದು ಚಿಕ್ಕ ಮೀನುಗಾರ ಕೇಳುತ್ತಾನೆ. ಹುಟ್ಟಬೇಕಾದ ಮಕ್ಕಳು ನಮ್ಮೆಲ್ಲರನ್ನೂ ಕೇಳುವ ಮಾತೂ ಅದೇ. ಮೊದಲನೆಯದನ್ನು ಒಪ್ಪಿದವನು ಎರಡನೆಯದನ್ನು ಅಲ್ಲಗಳೆಯಲಾರ. ಗೂಡಿನಲ್ಲಿ ಮರಿಗಳು ಸಿಕ್ಕರೆ ತೆಗೆದುಕೋ, ತಾಯಿಹಕ್ಕಿಯನ್ನು ಮಾತ್ರ ಬಿಟ್ಟುಬಿಡು ಎಂಬ ಕಟ್ಟಳೆ ಬೈಬಲಿನ ಧರ್ಮೋಪದೇಶಕಾಂಡದಲ್ಲಿದೆ. ಹಸಿದವನು ತಿನ್ನಬಾರದೆಂದು ಅದು ಹೇಳುವುದಿಲ್ಲ. ನಾಳೆಯ ಬೇರನ್ನು ಇಂದೇ ಕೀಳಬೇಡ ಎನ್ನುತ್ತದೆ.

ಇಲ್ಲಿಯವರೆಗೆ ಬಹುಮಂದಿ ಒಪ್ಪುತ್ತಾರೆ. ಕಷ್ಟದ ಪ್ರಶ್ನೆ ಮುಂದಿದೆ: ಬಿಟ್ಟುಬಿಡುವ ಕಷ್ಟವನ್ನು ಯಾರು ಹೊರಬೇಕು? ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿಮಾಡುವ ಕಾಲದಲ್ಲಿ ಅದು ಸರಿಯಾದ ಕ್ರಮವೇ. ಆದರೆ ದೋಣಿಯ ಮಾಲೀಕ ಆ ಎರಡು ತಿಂಗಳನ್ನು ಹೇಗೋ ದಾಟುತ್ತಾನೆ. ಬಲೆ ಎಳೆಯುವ ಕೂಲಿಯಾಳು, ಬುಟ್ಟಿ ಹೊತ್ತು ಮಾರುವ ಹೆಂಗಸು ಹೇಗೆ ದಾಟಬೇಕು? ಉಳಿತಾಯ ಮತ್ತು ಪರಿಹಾರ ಯೋಜನೆಯಲ್ಲಿ ಮೀನುಗಾರ 1500 ರೂಪಾಯಿ ಕೂಡಿಸಿದರೆ ಸರ್ಕಾರ 3000 ಸೇರಿಸಿ, ಮೂರು ತಿಂಗಳಿಗೆ 4500 ರೂಪಾಯಿ ಕೊಡುತ್ತದೆ. ದಿನಕ್ಕೆ 50 ರೂಪಾಯಿ! ತಪಸ್ಸುಕಾಲದಲ್ಲಿ ನಾವು ಮಾಡುವ ಉಪವಾಸ ನಾವೇ ಆರಿಸಿಕೊಂಡದ್ದು. ಅವರದು ಹೇರಿದ ಉಪವಾಸ. ಎಲ್ಲರ ಒಳಿತಿಗಾಗಿ ಒಬ್ಬನೇ ಹಸಿದಿರಬೇಕು ಎನ್ನುವುದು ತ್ಯಾಗವಲ್ಲ, ಅನ್ಯಾಯ.

ಲೋಕದ ಮಟ್ಟದಲ್ಲೂ ಜಗಳ ಇದೇ. ಮೀನುಗಾರಿಕೆಯ ಸಹಾಯಧನಕ್ಕೆ ಮಿತಿ ಹಾಕುವ ಒಪ್ಪಂದಕ್ಕೆ ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನಿನಲ್ಲಿ ಜಿನೀವಾದಲ್ಲಿ ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಿತು. ಮಾತುಕತೆಯಲ್ಲಿ ಭಾರತದ ವಾದ ಇಷ್ಟು: ದೂರದ ಕಡಲುಗಳಿಗೆ ಹಡಗು ಕಳಿಸಿ ಬರಿದು ಮಾಡಿದ ದೇಶಗಳು ಮೊದಲು ಕೈಕಟ್ಟಲಿ, ಬಡ ದೇಶಗಳಿಗೆ 25 ವರ್ಷ ಕಾಲಾವಕಾಶ ಇರಲಿ. ನ್ಯಾಯವಾದ ಮಾತು. ಆದರೆ ಆ ಕಾಲಾವಕಾಶ ಚಿಕ್ಕ ದೋಣಿಯವನ ಹೆಸರಿನಲ್ಲಿ ಪಡೆದು ದೊಡ್ಡ ದೋಣಿಯವನಿಗೆ ಹಂಚಿದರೆ ಅದೇ ನ್ಯಾಯ ಸುಳ್ಳಾಗುತ್ತದೆ.

ಪ್ರಿಯ ಓದುಗರೇ, ಜಿನೀವಾ ನಮ್ಮ ಕೈಯಲ್ಲಿಲ್ಲ. ಊರಿನ ಕೆರೆ ಇದೆ, ಮನೆಯ ಅಡುಗೆ ಇದೆ. ಕೆರೆಯನ್ನು ಗುತ್ತಿಗೆಗೆ ಕೊಡುವ ಮಾತು ಬಂದಾಗ ಸ್ಥಳೀಯ ಮೀನುಗಾರರ ಸಂಘಕ್ಕೆ ಮೊದಲ ಅವಕಾಶ ಸಿಗಲೆಂದು ಗ್ರಾಮಸಭೆಯಲ್ಲಿ ಬಾಯಿಬಿಡೋಣ. ಅದೇ ಉಸಿರಿನಲ್ಲಿ ಸಂಘದವರಿಗೂ ಹೇಳೋಣ: ಸಣ್ಣ ಕಣ್ಣಿನ ಬಲೆ ಬೇಡ, ನೀರಿಗೆ ವಿಷ ಬೇಡ, ಉಳಿದ ಮೀನನ್ನೆಲ್ಲ ನುಂಗುವ ಆಫ್ರಿಕನ್ ಕ್ಯಾಟ್‌ಫಿಶ್ ಬೇಡ. ರಕ್ಷಣೆ ಕೇಳುವವನು ಮಿತಿಯನ್ನೂ ಒಪ್ಪಬೇಕು.

ಮತ್ತು ನಾವು? ಬೆರಳುದ್ದದ ಮರಿಮೀನು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಿ ತರುವ ಮೊದಲು ಒಂದು ಕ್ಷಣ ನಿಲ್ಲೋಣ. ಬೆಳೆದ ಮೀನಿಗೆ ಬುಟ್ಟಿಯ ಹಿಂದೆ ಕುಳಿತ ಅಮ್ಮ ಹತ್ತು ರೂಪಾಯಿ ಹೆಚ್ಚು ಹೇಳಿದರೆ ಚೌಕಾಸಿ ಮಾಡದೆ ಕೊಡೋಣ. ಕೊಡಲಾಗದ ವಾರ ಮೀನು ಬೇಡ, ಸೊಪ್ಪಿನ ಸಾರು ಸಾಕು. ಆ ಹೆಂಗಸು ಒಬ್ಬಳೇ ಹೊರುತ್ತಿರುವ ಉಪವಾಸದಲ್ಲಿ ಅದು ನಮ್ಮ ಪಾಲು.