ಒತ್ತಕ್ಷರದ ಋಣ

ಒಬ್ಬನಿಗೆ ಮುದ್ದೆ ರುಚಿ, ಇನ್ನೊಬ್ಬನಿಗೆ ಅನ್ನ. ಅದರಲ್ಲಿ ಸರಿ ತಪ್ಪಿನ ಮಾತಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳ ವಿಷಯವೂ ಹೀಗೆಯೇ ಎಂದು ನಾನು ಬಹುಕಾಲ ನಂಬಿದ್ದೆ. ಹೊಟ್ಟೆಪಾಡಿಗೆ ನಾನು ಮಾಡುವುದು ಪ್ರೋಗ್ರಾಂ ಬರೆಯುವ ಕೆಲಸ.

ನನಗೆ ಪ್ರಿಯವಾದುದು ಪೈಥಾನ್. 1991ರಲ್ಲಿ ಹೊರಬಂದ ಈ ಭಾಷೆ, ಮನೆಯವರ ಮನಸ್ಸರಿತ ಹಳೆಯ ಆಳಿನಂತೆ. "ಈ ಪಟ್ಟಿಯನ್ನು ಜೋಡಿಸು" ಎಂದರೆ ಸಾಕು. ಯಂತ್ರದ ನೆನಪಿನ ಯಾವ ಮೂಲೆಯಲ್ಲಿ ಏನನ್ನಿಟ್ಟಿತು, ಯಾವಾಗ ಗುಡಿಸಿತು ಎಂದು ನಾವು ವಿಚಾರಿಸಬೇಕಾಗಿಲ್ಲ. ನನ್ನ ಗೆಳೆಯರೊಬ್ಬರಿಗೆ ಇದು ಬರಿಯ ಸೋಮಾರಿತನ. ಅವರದು ಸಿ ಭಾಷೆ. 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ್ದು. ಅಲ್ಲಿ ಜಾಗವನ್ನು ನಾವೇ ಕೇಳಿ ಪಡೆಯಬೇಕು, ನಾವೇ ಹಿಂತಿರುಗಿಸಬೇಕು. "ಅಡಿಪಾಯ ಕಾಣದವನು ಮನೆ ಕಟ್ಟಬಾರದು" ಎಂದು ಅವರ ವಾದ. "ಕುಂಬಾರ ಮಣ್ಣನ್ನೂ ಸೃಷ್ಟಿಸಬೇಕೆ?" ಎಂದು ನನ್ನದು. ಪುಟ್ಟೇನಹಳ್ಳಿ ಕೆರೆಯ ಸುತ್ತ ಸಂಜೆ ನಡೆಯುತ್ತ ಈ ಜಗಳವನ್ನು ಎಷ್ಟೋ ಸಲ ಆಡಿದ್ದೇವೆ.

ಜಗಳವನ್ನು ತೀರ್ಮಾನಿಸಿದವರು ಹೂ ಮಾರುವ ಒಬ್ಬ ಅಜ್ಜಿ. ಒಂದು ಸಂಘದ ಸದಸ್ಯರ ಚೀಟಿಗಳನ್ನು ಅಚ್ಚು ಮಾಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಹೆಸರಿಗೂ ಊರಿಗೂ ಹತ್ತು ಹತ್ತು ಅಕ್ಷರದ ಜಾಗ. ಐದಕ್ಷರದ ಪುಟ್ಟೇನಹಳ್ಳಿಗೆ ಇದು ಧಾರಾಳವಾಯಿತು ಎಂದುಕೊಂಡೆ. ಚೀಟಿಯ ಮೇಲೆ ಬಿದ್ದದ್ದು "ಪುಟ್ಟೇನಹಳ್". ಊರಿನ ಬಾಲ ಹೋದರೆ ನಗಬಹುದು. ಆದರೆ ಆಕೆಯ ಹೆಸರಿನ ಕೊನೆಯ ಒತ್ತಕ್ಷರವೂ ಬಿದ್ದುಹೋಗಿತ್ತು. ಎರಡು ಕಾಗದಗಳ ಹೆಸರು ಹೊಂದಲಿಲ್ಲವೆಂದು ಬರಬೇಕಾಗಿದ್ದ ಸಣ್ಣ ಸಾಲ ಬರಲಿಲ್ಲ. ಹೂವಿಗೆ ಬೆಲೆ ಬರುವ ವರಮಹಾಲಕ್ಷ್ಮಿ ಹಬ್ಬದ ವಾರ ಬಂಡವಾಳವಿಲ್ಲದೆ ಕಳೆಯಿತು. "ನಮ್ಮಪ್ಪ ಇಟ್ಟ ಹೆಸರಲ್ಲಿ ಅಮ್ಮನ್ನೇ ತೆಗೆದುಬಿಟ್ಯಲ್ಲಪ್ಪ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ರಾತ್ರಿ ಕೆಳಗಿಳಿದು ನೋಡಿದೆ. ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡವಿದೆ. ಅಲ್ಲಿ 'ಟ್ಟೇ' ಎಂಬುದು ಒಂದಲ್ಲ; ಟಕಾರ, ಸ್ವರವಿಲ್ಲವೆಂದು ಹೇಳುವ ಚಿಹ್ನೆ, ಮತ್ತೆ ಟಕಾರ, ಏಕಾರದ ಚಿಹ್ನೆ, ಹೀಗೆ ನಾಲ್ಕು. ಈ ಲೆಕ್ಕದಲ್ಲಿ ಪೈಥಾನ್ ಪುಟ್ಟೇನಹಳ್ಳಿಯನ್ನು 12 ಎಂದು ಎಣಿಸುತ್ತದೆ. ಸೋತೆನೆಂದು ಗೆಳೆಯರಿಗೆ ಒಪ್ಪಿಸಿದೆ. ಅವರು ತಮ್ಮ ಸಿ ಭಾಷೆಯನ್ನು ಕೇಳಿ ನೋಡಿದರು. ಅದು ಎಣಿಸುವುದು ಬೈಟುಗಳನ್ನು. ಇಂದು ವಾಡಿಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಒಂದೊಂದು ಕನ್ನಡ ಚಿಹ್ನೆಗೂ ಮೂರು ಬೈಟು. ಉತ್ತರ 36! ಐದು ಎಂದು ಇಬ್ಬರ ಭಾಷೆಯೂ ಹೇಳಲಿಲ್ಲ. ಸ್ಲೇಟು ಹಿಡಿದ ಒಂದನೆಯ ತರಗತಿಯ ಮಗು ಹೇಳುತ್ತದೆ.

ಮನೆಯ ಯಾವ ಅಂತಸ್ತು ಶ್ರೇಷ್ಠವೆಂದು ನಾವು ಜಗಳವಾಡುತ್ತಿದ್ದೆವು. ಅಲ್ಲಿ ವಾಸಿಸುವವರನ್ನು ಇಬ್ಬರೂ ಕೇಳಿರಲಿಲ್ಲ.

ಹಾಗೆಂದು ಎಲ್ಲವನ್ನೂ ತಳದವರೆಗೆ ಅರಿತೇ ಕೆಲಸಕ್ಕೆ ಕೈಹಾಕಬೇಕೆ? ಅದಕ್ಕೆ ಒಂದು ಜನ್ಮ ಸಾಲದು. ಮಾತನಾಡುವಾಗ ನಾಲಗೆಯ ಸ್ನಾಯುಗಳನ್ನು ಯಾರು ನೆನೆಯುತ್ತಾರೆ? ಕೆಳಗಿನದನ್ನು ಮರೆಯುವ ಸೌಕರ್ಯ ದೊಡ್ಡ ವರವೇ. ಆದರೆ ಆ ಮರೆವಿನ ದಂಡವನ್ನು ಯಾರು ತೆರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ನಾನೇ ತೆರುವಷ್ಟು ಕಾಲ ಅದು ರುಚಿಯ ಮಾತು. ಇನ್ನೊಬ್ಬರು ತೆರಬೇಕಾಗಿ ಬಂದರೆ ಧರ್ಮದ ಮಾತು. ಆಗ ಕೆಳಕ್ಕೂ ಇಳಿಯಬೇಕು, ಕಾಗದ ಹಿಡಿದು ನಿಂತ ಮನುಷ್ಯನವರೆಗೆ ಮೇಲಕ್ಕೂ ಏರಬೇಕು.

ನಾನು ಇಂದಿಗೂ ಪೈಥಾನಿನಲ್ಲೇ ಬರೆಯುತ್ತೇನೆ. ಗೆಳೆಯರು ಸಿ ಬಿಟ್ಟಿಲ್ಲ. ತಿದ್ದಿದ ಚೀಟಿಯನ್ನು ಅಜ್ಜಿಗೆ ನಾನೇ ಒಯ್ದು ಕೊಟ್ಟೆ. ಆಕೆ ಬೆರಳಿಟ್ಟು ಒಂದೊಂದೇ ಅಕ್ಷರವನ್ನು ಎಣಿಸಿದರು. ಆಕೆಯ ಎಣಿಕೆ ಸರಿಯಾಗಿತ್ತು.