ಮಗುವಿನ ಮುಖ ನೋಡಿ ಕೊಡುವ ಸೀಟು

 

ಏಪ್ರಿಲ್ ಬಂತೆಂದರೆ ನಮ್ಮ ಗುಂಪಿನ ತಾಯಂದಿರಿಂದ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ವಿಷಯಕ್ಕೆ. "ಅಕ್ಕ, ನಾಳೆ ಮಗೀನ ಇಂಟರ್‌ವ್ಯೂಗೆ ಕರ್ಕೊಂಡ್ ಬನ್ನಿ ಅಂದವ್ರೆ, ಯಾವ ಬಟ್ಟೆ ಹಾಕ್ಲಿ?" ಮಂಡ್ಯದ ಕಾನ್ವೆಂಟಿಗೆ ಸೇರಿಸುವವರು, ಮದ್ದೂರಿನವರು, ಮಳವಳ್ಳಿ ಕಡೆಯವರು, ಎಲ್ಲರದೂ ಇದೇ. ಮಗುವಿಗೆ ಎಬಿಸಿಡಿ ಬರುತ್ತದೆ, ರೈಮ್ಸ್ ಬರುತ್ತದೆ. ಚಿಂತೆ ಅದರದಲ್ಲ. ಬಣ್ಣದ್ದು, ಬಟ್ಟೆಯದು, ಅಪ್ಪನ ಕಾಲಿನ ಹವಾಯಿ ಚಪ್ಪಲಿಯದು. ಒಬ್ಬ ತಾಯಿ ತಗ್ಗಿದ ದನಿಯಲ್ಲಿ ಕೇಳಿದರು: "ಪೌಡರ್ ಸ್ವಲ್ಪ ಜಾಸ್ತಿ ಬಳೀಬೋದಾ? ಅವ್ಳು ಅವರಪ್ಪನ ಬಣ್ಣ."

ಮಗು ಬಾಯಿ ಬಿಡುವ ಮೊದಲೇ ಮೇಜಿನ ಆಚೆ ಕೂತವರು ಅದನ್ನು ಓದಿ ಮುಗಿಸಿರುತ್ತಾರೆ ಎಂಬುದನ್ನು ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿದ್ವಾಂಸರೂ ಇದನ್ನು ಅಳೆದು ನೋಡಿದ್ದಾರೆ. ಅಮೆರಿಕದ ಮಾರ್ಗರೆಟ್ ಕ್ಲಿಫರ್ಡ್ ಮತ್ತು ಇಲೇನ್ ವಾಲ್‌ಸ್ಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಾರು ಶಿಕ್ಷಕರಿಗೆ ಒಂದೇ ಅಂಕಪಟ್ಟಿ ಕೊಟ್ಟು, ಅಂಟಿಸಿದ ಫೋಟೊ ಮಾತ್ರ ಬದಲಿಸಿದ್ದರು. ಚೆಂದದ ಮುಖದ ಮಗುವಿಗೆ ಬುದ್ಧಿ ಹೆಚ್ಚು, ಅದು ಮುಂದೆ ಹೆಚ್ಚು ಓದುತ್ತದೆ, ಅದರ ತಂದೆತಾಯಿಗೂ ಓದಿನಲ್ಲಿ ಆಸಕ್ತಿ ಹೆಚ್ಚು ಎಂದು ಶಿಕ್ಷಕರು ಅಂದಾಜು ಮಾಡಿದರು. ಅಂಕಗಳು ಒಂದೇ, ನೆನಪಿರಲಿ.

ನಮ್ಮಲ್ಲಿ ಈ 'ಚೆಂದ'ದ ಒಳಗೆ ಜಾತಿಯೂ ಅಡಗಿ ಕೂತಿದೆ. "ಮಗು ಲಕ್ಷಣವಾಗಿದೆ" ಎನ್ನುತ್ತೇವಲ್ಲ, ಲಕ್ಷಣ ಎಂದರೆ ಮೂಲದಲ್ಲಿ ಗುರುತು ಅಷ್ಟೆ. ಯಾವುದರ ಗುರುತು? "ಕಪ್ಪಗಿದ್ರೂ ಲಕ್ಷಣವಾಗವ್ಳೆ" ಎಂಬ ಮಾತಿನಲ್ಲಿ ಆ ಒಂದು 'ರೂ' ಹೊತ್ತಿರುವ ಭಾರ ನೋಡಿ. ಕನ್ನಡ ಪಾಠ ಮಾಡುವವಳಾದ್ದರಿಂದ ನನಗೆ ಇಂಥವೇ ಕಣ್ಣಿಗೆ ಬೀಳುತ್ತವೆ.

ಕಾನೂನು ಏನನ್ನುತ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಜಾಲಿಸಿ ಆರಿಸುವಂತಿಲ್ಲ. ಆರಿಸಲೇಬೇಕಾದರೆ ಚೀಟಿ ಎತ್ತಿದ ಹಾಗೆ ಆರಿಸಬೇಕು. ತಪ್ಪಿದರೆ ಮೊದಲ ಸಲಕ್ಕೆ 25,000 ರೂ. ವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000 ರೂ. ವರೆಗೆ ದಂಡ. ಆದರೆ ಈ ಕಾಯ್ದೆ ಹೇಳುವ ಮಗು 6ರಿಂದ 14 ವರ್ಷದ್ದು. ಸೀಟು ತುಂಬುವುದೋ ಎಲ್‌ಕೆಜಿಯಲ್ಲಿ. ಈ ಸಂದಿಯಲ್ಲಿ ಇಂಟರ್‌ವ್ಯೂ ಎಂಬುದು 'ಇಂಟರ್ಯಾಕ್ಷನ್' ಎಂದು ಹೆಸರು ಬದಲಿಸಿಕೊಂಡು ಸುಖವಾಗಿದೆ.

ಇನ್ನು ಕಾಯ್ದೆಯ ಬಲದಿಂದ ಒಳಗೆ ಹೋದ ಮಕ್ಕಳ ಕಥೆ. 2012ರಲ್ಲಿ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ, ಆರ್‌ಟಿಇ ಸೀಟಿನ ಮಕ್ಕಳು ಬೇರೆಯವರಿಂದ ಬೇರೆಯಾಗಿ ಕಾಣಲೆಂದು ಅವರ ತಲೆಯ ಕೂದಲನ್ನು ಒಂದು ಕಡೆ ಕತ್ತರಿಸಿದರೆಂಬ ಆರೋಪ ಪತ್ರಿಕೆಗಳಲ್ಲಿ ಬಂದಿತ್ತು. ಸಮವಸ್ತ್ರ ಹಾಕಿದ ಮೇಲೆ ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರಲ್ಲ ಎಂಬುದೇ ಕೆಲವರಿಗೆ ತೊಂದರೆ.

ಹಾಗಾದರೆ ಮಗುವಿಗೆ ಚೆನ್ನಾಗಿ ಬಟ್ಟೆ ಹಾಕುವುದು ಅವರ ಅಳತೆಗೋಲಿಗೆ ತಲೆಬಾಗಿದಂತೆಯೇ? ನಮ್ಮ ಯುವಕರು ಕೆಲವರು ಹಾಗೆನ್ನುತ್ತಾರೆ. ನಾನು ಒಪ್ಪುವುದಿಲ್ಲ. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿ ಬದಲಿಸಿ, ಜಾತಿ ತೋರಿಸುವ ಆ ಭಾರದ ಬೆಳ್ಳಿ ಒಡವೆಗಳನ್ನು ಬಿಡಿ ಎಂದು ಹೇಳಿದರು. ಅವರ ಸೂಟು ನಮಗೆ ಇಂದಿಗೂ ಒಂದು ಧೈರ್ಯ. ಆದರೆ ಬಟ್ಟೆ ಎಲ್ಲಿಯವರೆಗೆ ಕಾಯುತ್ತದೆ ಎಂಬುದನ್ನೂ ಅವರೇ ಬಲ್ಲರು. 1901ರಲ್ಲಿ ತಂದೆಯನ್ನು ಕಾಣಲು ಹೊರಟ ಆ ಮಕ್ಕಳು ಹೊಸ ಅಂಗಿ, ಹೊಸ ಶೂ, ರೇಷ್ಮೆ ಅಂಚಿನ ಪಂಚೆಯಲ್ಲಿದ್ದರು. ಮಸೂರ್ ಸ್ಟೇಷನ್ ಮಾಸ್ತರರು ಬ್ರಾಹ್ಮಣರ ಮಕ್ಕಳೆಂದೇ ತಿಳಿದು ವಿಚಾರಿಸಿಕೊಂಡರು. ಮಹಾರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖ ಬದಲಾಯಿತು. ಆ ಹೊತ್ತಿಗೆ ಮಕ್ಕಳ ಅಂಗಿಯಲ್ಲಿ ಏನೂ ಬದಲಾಗಿರಲಿಲ್ಲ.

ಅದಕ್ಕೇ ನನ್ನ ಮಾತು: ಒಗೆದು ಇಸ್ತ್ರಿ ಮಾಡಿದ ಬಟ್ಟೆ ಹಾಕಿ, ಅದು ಮಗುವಿನ ಮರ್ಯಾದೆ. ಬಣ್ಣ ಮುಚ್ಚಲು ಪೌಡರ್ ಬಳಿಯಬೇಡಿ. ಮೊದಲನೆಯದರಲ್ಲಿ ಮಗು "ನಾನು ಚೆನ್ನಾಗಿದೀನಿ" ಎಂದುಕೊಂಡು ಹೊರಡುತ್ತದೆ. ಎರಡನೆಯದರಲ್ಲಿ ತನ್ನ ಮುಖವೇ ಮುಚ್ಚಿಡಬೇಕಾದ ವಸ್ತು ಎಂಬುದನ್ನು ಅಮ್ಮನ ಕೈಯಿಂದಲೇ ಕಲಿಯುತ್ತದೆ. ಸೀಟು ಸಿಗದಿದ್ದರೆ ಇನ್ನೊಂದು ಶಾಲೆ ಇದೆ. ಈ ಪಾಠವನ್ನು ಮರೆಸುವ ಶಾಲೆ ನಾನು ಕಂಡಿಲ್ಲ.

ಭಗವಾನರ ಸಂಘದಲ್ಲೂ ಈ ಕಣ್ಣಿನ ರೋಗವಿತ್ತು. ಲಕುಂಟಕ ಭದ್ದಿಯ ಎಂಬ ಭಿಕ್ಷು ಕುಳ್ಳ, ನೋಡಲು ಚೆನ್ನಾಗಿರಲಿಲ್ಲ. ಜೊತೆಯ ಭಿಕ್ಷುಗಳೇ ಅವರನ್ನು ಹಗುರವಾಗಿ ಕಾಣುತ್ತಿದ್ದರೆಂದು ಉದಾನದಲ್ಲಿದೆ. ದೂರದಿಂದ ಬರುತ್ತಿದ್ದ ಅವರನ್ನು ತೋರಿಸಿ ಬುದ್ಧರು, ಈತ ಕುರೂಪಿ, ನೀವು ಕಡೆಗಣಿಸಿದವನು, ಆದರೆ ಈತ ಮಹಾ ಸಾಧಕ, ಮುಟ್ಟಬೇಕಾದ್ದನ್ನು ಮುಟ್ಟಿದವನು ಎಂಬರ್ಥದ ಮಾತಾಡಿದರು. ನನಗೆ ಇಷ್ಟವಾಗುವುದು, ಅವರು "ಇಲ್ಲ, ಈತ ಸುಂದರ" ಎಂದು ಸಮಾಧಾನ ಹೇಳಲಿಲ್ಲ. ಕಂಡದ್ದನ್ನು ಕಂಡ ಹಾಗೇ ಹೇಳಿ, ಅದರಿಂದ ಏನನ್ನೂ ತೀರ್ಮಾನಿಸಬೇಡಿ ಎಂದು ತೋರಿಸಿದರು. ಮಧುರ ಕಂಠದವರಲ್ಲಿ ಅಗ್ರನೆಂದು ಬುದ್ಧರು ಹೆಸರಿಸಿದ್ದೂ ಇದೇ ಭದ್ದಿಯರನ್ನು. ಮುಖ ನೋಡಿ ವಾಪಸ್ ಕಳಿಸಿದ್ದರೆ ಆ ದನಿ ಯಾರಿಗೂ ಕೇಳುತ್ತಿರಲಿಲ್ಲ.

ನಮ್ಮ ಬಳಗದಲ್ಲಿ ಶಿಕ್ಷಕರು ಬಹಳ ಮಂದಿ ಇದ್ದೇವೆ. ಸರ್ಕಾರಿ ಶಾಲೆಯಲ್ಲಿ ಇಂಟರ್‌ವ್ಯೂ ಇಲ್ಲ, ಬಂದ ಮಗುವನ್ನೆಲ್ಲ ಸೇರಿಸಿಕೊಳ್ಳುತ್ತೇವೆ, ಸರಿ. ಆದರೆ ಆಗಸ್ಟ್ 15ಕ್ಕೆ ಅತಿಥಿಗಳಿಗೆ ಹೂಗುಚ್ಛ ಕೊಡಲು ಯಾವ ಮಗುವನ್ನು ನಿಲ್ಲಿಸುತ್ತೇವೆ? ಸ್ವಾಗತ ನೃತ್ಯದ ಮುಂದಿನ ಸಾಲಿನಲ್ಲಿ ಯಾರಿರುತ್ತಾರೆ? ಅಲ್ಲೂ ಒಂದು ಸಂದರ್ಶನ ನಡೆದಿರುತ್ತದೆ, ನಮ್ಮ ಕಣ್ಣಲ್ಲೇ. ನಮ್ಮ ಶಾಲೆಯಲ್ಲಿ ಈಗ ಮೂರು ವರ್ಷದಿಂದ ಹಾಜರಿ ಪುಸ್ತಕದ ಕ್ರಮಸಂಖ್ಯೆಗಳನ್ನು ಡಬ್ಬಿಗೆ ಹಾಕಿ ಚೀಟಿ ಎತ್ತುತ್ತೇವೆ. ಮೊದಲ ವರ್ಷ ಹೆಸರು ಬಂದ ಹುಡುಗಿ ಹಿಂದಿನ ಬೆಂಚಿನಿಂದ ಎದ್ದು, ಹಿಂದೆ ಯಾರಾದರೂ ಇದ್ದಾರಾ ಎಂದು ತಿರುಗಿ ನೋಡಿದಳು. ಅವಳ ಹಿಂದೆ ಗೋಡೆ ಇತ್ತು.

ಜೈಭೀಮ್.
— ಕನ್ನಡ ಶಿಕ್ಷಕಿ, ಮದ್ದೂರು ತಾಲ್ಲೂಕು