ತಾಳ್ಮೆ ಯಾರ ಪಾಲಿನದು?

ಮಾದಕ ವಸ್ತು, ಅದರಿಂದ ಹುಟ್ಟುವ ಹಿಂಸೆ ಎಂದೊಡನೆ ನಮಗೆ ನೆನಪಾಗುವುದು ಮಹಾನಗರಗಳ ಕತ್ತಲ ಓಣಿಗಳು, ಇಲ್ಲವೇ ದೂರದ ಮೆಕ್ಸಿಕೊ, ಕೊಲಂಬಿಯಾಗಳ ಗುಂಪು ಕಾಳಗಗಳು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಂಥ ಮಳೆಯ ಮುಖ ನೋಡಿ ಬದುಕುವ ಸೀಮೆಗೂ ಈ ಮಾತಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ನಮ್ಮ ಕಡೆಯ ಮನೆಗಳ ಮಟ್ಟಿಗೆ ಮಾದಕವೆಂದರೆ ಮೊದಲು ಕುಡಿತ. ಇಲ್ಲಿ ಬಂದೂಕಿನ ಸದ್ದಿಲ್ಲ; ದೀಪ ಹಚ್ಚಿದ ಮೇಲೆ ಬಾಗಿಲು ಒದೆಯುವ ಸದ್ದಿದೆ. ಅದನ್ನು ನಾವು ಹಿಂಸೆ ಎಂದು ಕರೆಯುವುದಿಲ್ಲ, 'ಮನೆ ಜಗಳ' ಎನ್ನುತ್ತೇವೆ. ಹೆಸರು ಬದಲಾದುದರಿಂದ ಪೆಟ್ಟಿನ ನೋವು ಕಡಿಮೆಯಾಗುವುದಿಲ್ಲ.

ಲೆಕ್ಕವನ್ನೇ ನೋಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದವರು. ದೇಶದ ರಾಜ್ಯಗಳಲ್ಲೇ ಇದು ಅತಿ ಹೆಚ್ಚು. ಅದೇ ಸಮೀಕ್ಷೆ ದೇಶದ ಮಟ್ಟದಲ್ಲಿ ಇನ್ನೊಂದು ಸತ್ಯವನ್ನೂ ಹೇಳಿತು: ಕುಡಿಯದ ಗಂಡಂದಿರ ಹೆಂಡತಿಯರಲ್ಲಿ ಹಿಂಸೆ ಕಂಡವರು ನೂರಕ್ಕೆ 23, ಆಗಾಗ ಕುಡಿದು ಅಮಲೇರುವ ಗಂಡಂದಿರ ಹೆಂಡತಿಯರಲ್ಲಿ ನೂರಕ್ಕೆ 70. ಕುಡಿಯದ ಮನೆಯಲ್ಲೂ ಪೆಟ್ಟು ಬೀಳುತ್ತದೆ ಎಂಬುದನ್ನು ಮರೆಯಬಾರದು. ಆದರೆ ಕುಡಿತ ಆ ಕೈಯನ್ನು ಎಷ್ಟು ಸಡಿಲ ಬಿಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಮನೆಯ ಹೆಂಗಸು ಎಲ್ಲಿಗೆ ಹೋಗುತ್ತಾಳೆ? ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಲು ಅಂಜಿಕೆ. ತವರಿಗೆ ಹೋದರೆ ಅಲ್ಲಿ ಅಣ್ಣ ಅತ್ತಿಗೆಯರ ಮುಖ ನೋಡಬೇಕು. ಅವಳು ದೇವರ ಬಳಿಗೆ ಹೋಗುತ್ತಾಳೆ. ಪಾವಗಡದ ಶನಿಮಹಾತ್ಮನ ಮುಂದೆ ಎಳ್ಳೆಣ್ಣೆಯ ದೀಪ ಹಚ್ಚುತ್ತಾಳೆ. ಗೊರವನಹಳ್ಳಿಯ ಮಹಾಲಕ್ಷ್ಮಿಗೆ ಹರಕೆ ಹೊರುತ್ತಾಳೆ. ಮಧುಗಿರಿಯ ದಂಡಿನ ಮಾರಮ್ಮನ ಎದುರು ಸೆರಗೊಡ್ಡುತ್ತಾಳೆ. ಶಿರಾದ ಮಲಿಕ್ ರೆಹಾನ್ ದರ್ಗಾದ ಹೊಸ್ತಿಲಿಗೆ ಹಣೆ ಹಚ್ಚುತ್ತಾಳೆ. ಮಗ್ರಿಬ್ ನಮಾಜು ಮುಗಿಸಿ ಹೊರಬರುವವರಿಂದ ಮಗುವಿಗೆ ದುವಾ ಊದಿಸಲು ಮಸೀದಿಯ ಬಾಗಿಲಲ್ಲಿ ನಿಂತವರಲ್ಲಿ ಯಾರು ಯಾವ ಜಾತಿ ಎಂದು ಕೇಳುವವರಿಲ್ಲ. ಅರಿಶಿನದ ಬಟ್ಟೆಯಲ್ಲಿ ಕಟ್ಟಿಟ್ಟ ಮುಡಿಪಿನ ನಾಣ್ಯ, ತೋಳಿಗೆ ಕಟ್ಟಿದ ತಾಯಿತ, ಇವೆರಡರ ಹಿಂದೆಯೂ ಇರುವ ಬೇಡಿಕೆ ಒಂದೇ: ಈ ರಾತ್ರಿ ಅವನು ನೆಟ್ಟಗೆ ಮನೆಗೆ ಬರಲಿ.

ಇದನ್ನು ಮೌಢ್ಯವೆಂದು ನಗುವವರಿದ್ದಾರೆ. ನಾವು ನಗಲಾರೆವು. ಬೇರೆ ಯಾವ ಬಾಗಿಲೂ ತೆರೆಯದ ಊರಿನಲ್ಲಿ ತೆರೆದಿರುವ ಒಂದು ಬಾಗಿಲನ್ನು ತಟ್ಟಿದವಳ ತಪ್ಪೇನು? ಅಲ್ಲಿ ಅವಳಿಗೆ ಕೂರಲು ಒಂದಿಷ್ಟು ಜಾಗ, ಅಳಲು ಒಂದಿಷ್ಟು ಹೊತ್ತು, 'ನಾನು ಹೇಳಿದ್ದನ್ನು ಒಬ್ಬ ಕೇಳಿಸಿಕೊಂಡ' ಎಂಬ ಸಮಾಧಾನ ಸಿಗುತ್ತದೆ. ನಾಳೆ ಬೆಳಿಗ್ಗೆ ಎದ್ದು ಕೂಲಿಗೆ ಹೋಗಲು, ಮಗುವಿನ ತಲೆ ಬಾಚಿ ಶಾಲೆಗೆ ಕಳಿಸಲು ಬೇಕಾದ ಬಲ ಹಲವರಿಗೆ ಅಲ್ಲಿಂದಲೇ ಬರುತ್ತದೆ. ಶ್ರದ್ಧೆ ಅವರನ್ನು ಬದುಕಿಸಿದೆ. ಇದು ಸಣ್ಣ ಮಾತಲ್ಲ.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ, ಇಲ್ಲಿಂದಲೇ ಶುರುವಾಗುತ್ತದೆ. ನೋವುಂಡವಳು 'ದೇವರು ನೋಡಿಕೊಳ್ಳುತ್ತಾನೆ' ಎಂದರೆ ಅದು ನಂಬಿಕೆ. ಪಕ್ಕದ ಮನೆಯವರು, ಊರ ಹಿರಿಯರು, ಧರ್ಮ ಬಲ್ಲವರು ಅವಳಿಗೆ ಅದೇ ಮಾತು ಹೇಳಿದರೆ ಅದೂ ನಂಬಿಕೆಯೇ? 'ತಾಳ್ಕಮ್ಮ, ಹಣೆಬರಹ' ಎನ್ನುತ್ತಾರೆ ಒಬ್ಬರು. 'ಸಬರ್ ಮಾಡಮ್ಮ, ಅಲ್ಲಾಹನ ಪರೀಕ್ಷೆ' ಎನ್ನುತ್ತಾರೆ ಇನ್ನೊಬ್ಬರು. ಮಾತು ಅದೇ, ಆದರೆ ಬಾಯಿ ಬದಲಾದೊಡನೆ ಅದರ ಅರ್ಥವೂ ಬದಲಾಗುತ್ತದೆ. ಅವಳ ಬಾಯಲ್ಲಿ ಅದು ಆಸರೆ. ನಮ್ಮ ಬಾಯಲ್ಲಿ ಅದು ನುಣುಚಿಕೊಳ್ಳುವ ದಾರಿ. ತಾಳ್ಮೆ ನೋಯುವವರು ತಾವೇ ಕಂಡುಕೊಳ್ಳುವ ಬಲ. ನೋಡುತ್ತ ನಿಂತವರು ಹಂಚುವ ಪ್ರಸಾದವಲ್ಲ.

ಧರ್ಮಗಳು ನಿಜವಾಗಿ ಹೇಳುವುದಾದರೂ ಏನು? ಕುರ್‌ಆನಿನ 58ನೆಯ ಅಧ್ಯಾಯದ ಹೆಸರೇ 'ಅಲ್ ಮುಜಾದಿಲಾ', ಅಂದರೆ ವಾದಿಸುವವಳು. ಗಂಡನಿಂದ ಅನ್ಯಾಯಕ್ಕೊಳಗಾದ ಖೌಲಾ ಎಂಬ ಮಹಿಳೆ ಪ್ರವಾದಿಯವರ ಬಳಿ ಬಂದು ವಾದಿಸಿದರು, ಪಟ್ಟುಬಿಡದೆ ದೇವರಿಗೇ ದೂರಿತ್ತರು. ಆ ದೂರನ್ನು ದೇವರು ಆಲಿಸಿದನೆಂಬ ಮಾತಿನಿಂದಲೇ ಅಧ್ಯಾಯ ಆರಂಭವಾಗುತ್ತದೆ. ಸುಮ್ಮನಿರು ಎಂದು ಕುರ್‌ಆನ್ ಅವರಿಗೆ ಹೇಳಲಿಲ್ಲ. ಅವರ ಸಲುವಾಗಿ ಪದ್ಧತಿಯೇ ಬದಲಾಯಿತು. ಹಾಗಾದರೆ ದೂರು ಕೊಡುವುದು ತಾಳ್ಮೆಗೆ ವಿರುದ್ಧ ಎಂದು ನಮಗೆ ಕಲಿಸಿದವರಾರು?

ನಮ್ಮ ಹಳ್ಳಿಗಳಲ್ಲಿ ಬಾಬಯ್ಯನ ಹಬ್ಬವೆಂದು ಹಿಂದೂ ಮುಸ್ಲಿಮರು ಕೂಡಿ ಆಚರಿಸುತ್ತ ಬಂದಿರುವ ಮೊಹರಂ ನೆನಪಿಸುವುದೂ ಇದನ್ನೇ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಇಮಾಮ್ ಹುಸೇನರು ಬಾಯಾರಿಕೆಯನ್ನು ತಾಳಿಕೊಂಡರು, ಅನ್ಯಾಯವನ್ನು ತಾಳಿಕೊಳ್ಳಲಿಲ್ಲ. ಈ ಎರಡರ ನಡುವಿನ ಅಂತರ ತಿಳಿಯದವರು ಸಬರ್ ಎಂಬ ಶಬ್ದವನ್ನು ಬಳಸದಿರುವುದೇ ಮೇಲು.

ಮಹಾಭಾರತದ ಸಭಾಪರ್ವವನ್ನೂ ನೆನೆಯೋಣ. ದ್ರೌಪದಿ ಕೃಷ್ಣನನ್ನು ಕರೆದಳು ಎಂಬುದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲು ಅವಳು ತುಂಬಿದ ಸಭೆಗೆ ಪ್ರಶ್ನೆ ಹಾಕಿದ್ದಳು ಎಂಬುದನ್ನು ನಾವು ಮರೆಯುತ್ತೇವೆ. ತನ್ನನ್ನೇ ಸೋತವನಿಗೆ ನನ್ನನ್ನು ಪಣವಿಡುವ ಹಕ್ಕು ಎಲ್ಲಿಯದು ಎಂದು ಕೇಳಿದಳು. ಧರ್ಮ ಸೂಕ್ಷ್ಮವಾದುದೆಂದು ಹೇಳಿ ಭೀಷ್ಮರಂಥ ಹಿರಿಯರು ಕೈಚೆಲ್ಲಿದರು. ಕೌರವ ಸಹೋದರರಲ್ಲಿ ವಿಕರ್ಣನೊಬ್ಬನೇ ಎದ್ದು ನಿಂತು ಇದು ಅನ್ಯಾಯವೆಂದ. ಕುಡಿದು ತನ್ನನ್ನೇ ತಾನು ಸೋತವನು ಹೆಂಡತಿಯ ಕೂಲಿ ಹಣ, ಕಿವಿಯ ಓಲೆ, ಮಕ್ಕಳ ಅನ್ನವನ್ನು ಪಣವಿಡುವಾಗ ನಮ್ಮ ಊರುಗಳಲ್ಲಿ ಭೀಷ್ಮರಿಗೆ ಬರವಿಲ್ಲ. ಕೊರತೆ ಇರುವುದು ವಿಕರ್ಣರಿಗೆ.

ಇನ್ನು ಕುಡಿಯುವವನ ಶ್ರದ್ಧೆ. ಅಯ್ಯಪ್ಪನ ಮಾಲೆ ಹಾಕಿದವನು 41 ದಿನ ಬಾಟಲಿ ಮುಟ್ಟದಿರುವುದನ್ನು ನಾವೆಲ್ಲ ಕಂಡಿದ್ದೇವೆ. ವರ್ಷವೆಲ್ಲ ಕುಡಿಯುವವನು ರಂಜಾನಿನ ತಿಂಗಳು ಉಪವಾಸವಿದ್ದು ಮಸೀದಿಯ ಸಾಲಿನಲ್ಲಿ ನಿಲ್ಲುವುದನ್ನೂ ಕಂಡಿದ್ದೇವೆ. ಆ ದಿನಗಳಲ್ಲಿ ಆ ಮನೆಯ ಮಕ್ಕಳು ಹೆದರದೆ ನಿದ್ದೆ ಮಾಡುತ್ತಾರೆ. ಇದರಿಂದ ತಿಳಿಯುವುದೇನು? ವ್ರತದ ದಿನ ಅವನು ಒಬ್ಬನೇ ಇರುವುದಿಲ್ಲ. ಬೆಳಿಗ್ಗೆ ಎಬ್ಬಿಸುವವರು, ಜೊತೆಗೆ ಉಣ್ಣುವವರು, 'ಸ್ವಾಮಿ' ಎಂದೋ 'ಭಾಯಿ' ಎಂದೋ ಗೌರವದಿಂದ ಕರೆಯುವವರು ಇರುತ್ತಾರೆ. ಸಂಜೆಗೊಂದು ಕೆಲಸವಿರುತ್ತದೆ. ನಂಬಿಕೆಯ ಜೊತೆಗೆ ಈ ಬಳಗವೂ ಕೆಲಸ ಮಾಡುತ್ತದೆ. ಮಾಲೆ ತೆಗೆದ ಮರುದಿನ, ಈದ್ ಕಳೆದ ಮರುದಿನ ಬಳಗ ಚದುರುತ್ತದೆ. ಅವನನ್ನು ಕರೆಯುವುದು ಮತ್ತೆ ಬಾರ್ ಒಂದೇ. 42ನೆಯ ದಿನ ಅವನ ಜೊತೆ ಯಾರಿದ್ದಾರೆ ಎಂಬುದು ಧರ್ಮ ಬಲ್ಲವರು ಕೇಳಿಕೊಳ್ಳಬೇಕಾದ ಪ್ರಶ್ನೆ. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕುಡಿತ ಬಿಟ್ಟವರನ್ನು ಮತ್ತೆ ಮತ್ತೆ ಸಭೆ ಸೇರಿಸುವುದು ಇದಕ್ಕೇ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರ ನಡೆಸಿ, ಶಿಬಿರ ಮುಗಿದ ಮೇಲೂ ನವಜೀವನ ಸಮಿತಿಗಳನ್ನು ಕಟ್ಟಿದ್ದೂ ಇದಕ್ಕೇ.

ಒಂದು ಎಚ್ಚರಿಕೆಯ ಮಾತು. ವರ್ಷಗಟ್ಟಲೆ ವಿಪರೀತ ಕುಡಿದ ದೇಹ ಒಮ್ಮೆಲೇ ಬಿಟ್ಟಾಗ ನಡುಗುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಮತಿಭ್ರಮೆಯಾಗುತ್ತದೆ, ಪ್ರಾಣಕ್ಕೂ ಅಪಾಯವಿದೆ. ಅದನ್ನು ಗಾಳಿ, ಗ್ರಹ ಎಂದು ಮಂತ್ರಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕುಡಿತದ ಚಟ ಕಾಯಿಲೆಯೂ ಹೌದು. ಆದರೆ ಕಾಯಿಲೆ ಎಂಬ ಮಾತ್ರಕ್ಕೆ ಹೊಡೆಯುವ ಹಕ್ಕು ಬರುವುದಿಲ್ಲ. ಬಾರಿನಲ್ಲಿ ತನಗಿಂತ ಬಲಶಾಲಿಗೆ ಕೈಮುಗಿದು ಬರುವವನು ಮನೆಗೆ ಬಂದು ಹೆಂಡತಿಯ ಮೇಲೆ ಕೈಯೆತ್ತುತ್ತಾನೆಂದರೆ, ಅಮಲಿನಲ್ಲೂ ಅವನಿಗೆ ಲೆಕ್ಕ ತಪ್ಪಿಲ್ಲ ಎಂದೇ ಅರ್ಥ.

'ನಮ್ಮಲ್ಲಿ ಅದು ಹರಾಮು' ಎಂದು ಹೇಳಿ ಮಾತು ಮುಗಿಸುವ ಮುಸ್ಲಿಂ ಮನೆಗಳಿಗೂ ಒಂದು ಮಾತು ಹೇಳಬೇಕು. ನಿಷೇಧವಿದೆ ಎಂದ ಮಾತ್ರಕ್ಕೆ ಕುಡಿಯುವವರಿಲ್ಲ ಎಂದಲ್ಲ. ನಿಷೇಧವಿರುವ ಕಡೆ ಮರ್ಯಾದೆಯ ಭಯ ಇಮ್ಮಡಿಯಾಗಿ, ಪೆಟ್ಟು ತಿಂದವಳು ಪೆಟ್ಟಿನ ಜೊತೆಗೆ ಗುಟ್ಟನ್ನೂ ಹೊರಬೇಕಾಗುತ್ತದೆ. ಮದ್ಯ ಮತ್ತು ಜೂಜು ಜನರ ನಡುವೆ ಹಗೆ, ದ್ವೇಷ ಬಿತ್ತುತ್ತವೆ ಎಂಬುದು ನಿಷೇಧಕ್ಕೆ ಕುರ್‌ಆನ್ ಕೊಡುವ ಕಾರಣಗಳಲ್ಲೊಂದು. ಹಾಗಿದ್ದ ಮೇಲೆ ಬಾಟಲಿಯನ್ನು ಪಾಪವೆಂದು, ಪೆಟ್ಟನ್ನು ಮನೆಯ ವಿಚಾರವೆಂದು ಕಾಣುವುದು ಯಾವ ನ್ಯಾಯ?

ಸರ್ಕಾರದ ಪಾಲೂ ಇದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಪ್ಯಾಕೆಟ್ ಮಾಯವಾಯಿತು. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿಯ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂದವು. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ. ಅದರಲ್ಲಿ ಎಷ್ಟೋ ಮನೆಗಳ ಅಕ್ಕಿ, ಔಷಧಿಯ ದುಡ್ಡು ಸೇರಿದೆ.

2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕೆ ಒತ್ತಾಯಿಸಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರ್ ನಡೆದರು. ಶಿರಾ, ತುಮಕೂರಿನ ಹೆದ್ದಾರಿಯಲ್ಲೇ ಆ ಸಾಲು ಸಾಗಿತು. ಅವರಲ್ಲಿ ಹರಕೆ ಹೊತ್ತವರೂ, ಉಪವಾಸ ಮಾಡಿದವರೂ ಇದ್ದಿರಲೇಬೇಕು. ಹರಕೆ ಅವರನ್ನು ಮನೆಯಲ್ಲಿ ಕಟ್ಟಿಹಾಕಲಿಲ್ಲ. ಅವರ ಬೇಡಿಕೆ ಈಡೇರಲಿಲ್ಲ, ನಿಜ. ಆದರೆ ಪ್ರಾರ್ಥನೆಗೂ ಪ್ರತಿಭಟನೆಗೂ ಜಗಳವಿಲ್ಲವೆಂಬುದನ್ನು ಅವರು ನಡೆದು ತೋರಿಸಿದರು.

ನಾವೇನು ಮಾಡಬಹುದು? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ರಾಜ್ಯದಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೇ ಆ ಹೊಣೆಯಿದೆ. ಮಹಿಳಾ ಸಹಾಯವಾಣಿ 181, ವ್ಯಸನ ಬಿಡಿಸುವ ಸಹಾಯವಾಣಿ 14446. ಈ ಸಂಖ್ಯೆಗಳನ್ನು ದೇವಸ್ಥಾನದ, ದರ್ಗಾದ, ಮಸೀದಿಯ ಗೋಡೆಗೆ ಬರೆಸಲು ಹೆಚ್ಚು ಖರ್ಚಿಲ್ಲ. ದುವಾ ಊದುವವರು, ತೀರ್ಥ ಕೊಡುವವರು 'ಮನೆಯಲ್ಲಿ ಪೆಟ್ಟು ಬೀಳುತ್ತಿದೆಯೇನಮ್ಮ?' ಎಂದು ಮೆಲ್ಲನೆ ಕೇಳಿದರೆ ಅದೂ ಪೂಜೆಯೇ, ಇಬಾದತ್ತೇ. ರಾತ್ರಿ ಪಕ್ಕದ ಮನೆಯಲ್ಲಿ ಕೂಗು ಕೇಳಿದಾಗ ಟಿ.ವಿ.ಯ ಸದ್ದು ಹೆಚ್ಚಿಸುವ ಬದಲು ಹೋಗಿ ಬಾಗಿಲು ತಟ್ಟಿದರೆ ಅದು ಇನ್ನೂ ದೊಡ್ಡದು.

ಅವಳು ಮುಡಿಪು ಕಟ್ಟಲಿ, ದೀಪ ಹಚ್ಚಲಿ, ಸಜ್ದಾದಲ್ಲಿ ಅಳಲಿ. ಆ ಬಲವನ್ನು ಅವಳಿಂದ ಯಾರೂ ಕಸಿಯಬಾರದು. ಆದರೆ ತಾಳ್ಮೆಯ ಪಾಠ ಅವಳಿಗೆ ಸಾಕು. ಅವಳ ಅಳುವನ್ನು ಕೇಳಿಯೂ ನಾವು ತೋರುತ್ತಿರುವ ತಾಳ್ಮೆ ಇದೆಯಲ್ಲ, ನಾಳೆ ಲೆಕ್ಕ ಕೊಡಬೇಕಾದುದು ಅದಕ್ಕೆ.